ಬೇಕಲ ಕೋಟೆಯ ಡಿಜಿಟಲ್ ಪಾಠ: ಚುಕ್ಕೆ ಒತ್ತಿಸಿದರೆ ಸಾಕಾ?

ಕುಂಬಳೆ ಮಾಷ್ಟ್ರು:
ಕನ್ನಡ ಮಾಧ್ಯಮದ ಎಂಟನೇ ಕ್ಲಾಸಿಗೆ ಕಾಸರಗೋಡಿನ ಬೇಕಲ ಕೋಟೆಯ ಮೇಲೆ ಎಚ್‌ಫೈವ್‌ಪಿಯಲ್ಲಿ (ಮುಟ್ಟಿ ಕಲಿಯುವ ಪಾಠ ಕಟ್ಟುವ ತಂತ್ರಾಂಶ) ಒಂದು ಇಂಟರಾಕ್ಟಿವ್ ಪಾಠ ಮಾಡಿದೆ. ಕೋಟೆಯ ಫೋಟೋದ ಮೇಲೆ ಹನ್ನೆರಡು ಚುಕ್ಕೆ. ಬುರುಜು ಮುಟ್ಟಿದರೆ ಇಕ್ಕೇರಿಯ ಅರಸ ಶಿವಪ್ಪನಾಯಕ, ಬಾಗಿಲು ಮುಟ್ಟಿದರೆ ಹೈದರಾಲಿ, ಕೊನೆಗೆ ಹತ್ತು ಪ್ರಶ್ನೆ. ಮಕ್ಕಳು ಚುಕ್ಕೆಗಳನ್ನೆಲ್ಲ ಪಟಪಟ ಒತ್ತಿ ಮುಗಿಸಿದರು, ಹೆಚ್ಚಿನವರಿಗೆ ಒಂಬತ್ತು ಅಂಕ. ಮರುದಿನ, ಇಕ್ಕೇರಿಯವರಿಗೆ ಇಷ್ಟು ತೆಂಕಲಿಗೆ ಬಂದು ಕೋಟೆ ಯಾಕೆ ಬೇಕಾಯಿತು ಅಂತ ಕೇಳಿದರೆ ಒಬ್ಬನೂ ಬಾಯಿ ಬಿಡಲಿಲ್ಲ. ಎಲ್ಲಿ ಎಡವಿದೆ?

ಮಂಜೇಶ್ವರದವ:
ಆಟ ಮಾಡಿ ಮಾಷ್ಟ್ರೇ. ಫಿರಂಗಿ, ಪಾಯಿಂಟ್, ಲೆವೆಲ್. ಕೋಡ್ ನಾನು ಬರೆದು ಕೊಡ್ತೇನೆ.

ಬದಿಯಡ್ಕ ಟೀಚರ್:
ಫಿರಂಗಿ ಹಾರಿಸಿದವನಿಗೆ ಫಿರಂಗಿ ಮಾತ್ರ ನೆನಪಿರ್ತದೆ ಮಾರ್ರೆ. ನಾನು ಕಾಸರಗೋಡಿನ ನಕ್ಷೆಗೆ ಒಂದು ಸ್ಲೈಡರ್ ಹಾಕಿದ್ದೆ. 1799ಕ್ಕೆ ಎಳೆದರೆ ಕಂಪೆನಿಯ ಕೆನರಾ ಜಿಲ್ಲೆ. 1862ಕ್ಕೆ ಉತ್ತರ ಕನ್ನಡ ಮುಂಬಯಿಗೆ ಹೋಗ್ತದೆ, ನಾವು ಮದ್ರಾಸಿನಲ್ಲೇ. 1956ರ ನವೆಂಬರ್ 1ಕ್ಕೆ ಕೇರಳ. ಒಬ್ಬ ಹುಡುಗ ಅದನ್ನು ಹಿಂದೆ ಮುಂದೆ ಎಳೆದು ಎಳೆದು, "ಟೀಚರ್, ಗೆರೆ ಮಾತ್ರ ಹೋಗುದು, ನಮ್ಮ ಮನೆ ಅಲ್ಲೇ ಉಂಟಲ್ಲ?" ಅಂದ. ಮರುದಿನ ಅಜ್ಜನ ಪೆಟ್ಟಿಗೆಯಿಂದ ಒಂದು ಗೇಣಿಚೀಟು ತಂದ. ಮಡಿಕೆ ಮಡಿಕೆಯಲ್ಲೂ ಹರಿದ ಕಾಗದ, ಒಂದು ಮೂಲೆ ಗೆದ್ದಲು ತಿಂದಿದೆ, ಆದರೆ "ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು" ಅಂತ ಸ್ಪಷ್ಟ ಉಂಟು. ಸ್ಕ್ಯಾನ್ ಮಾಡಿ ನಕ್ಷೆಗೆ ಸೇರಿಸಿದೆವು. ಈಗ ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ಕಾಯಂ ಅಲ್ಲದ ಗೇಣಿ) ಅಂದರೆ ಎಂತ ಅಂತ ಮಕ್ಕಳೇ ಕೇಳ್ತಾರೆ. ನನ್ನ ಪಾಠದಲ್ಲಿ ಅದು ಇರಲೇ ಇಲ್ಲ!

ಪಯಸ್ವಿನಿ ತೀರದವ:
ಮಾಷ್ಟ್ರೇ, ನಿಮ್ಮ ಎಡವಟ್ಟು ಆ ಹತ್ತು ಪ್ರಶ್ನೆಯಲ್ಲಿ ಉಂಟು. "ಕೋಟೆ ಕಟ್ಟಿಸಿದವರು ಯಾರು?" ಅಂತ ಕೇಳಿ ಶಿವಪ್ಪನಾಯಕನಿಗೆ ಹಸಿರು ಟಿಕ್ ಕೊಟ್ಟಿರಬೇಕು. 1650ರ ಸುಮಾರಿಗೆ ಅವನು ಕಟ್ಟಿಸಿದ ಅನ್ನುವುದು ರೂಢಿ. ಉತ್ತರ ಮಲಬಾರಿನ ಅರಸರಾದ ಕೋಲತ್ತಿರಿಗಳ ಕಾಲದಲ್ಲೇ ಇಲ್ಲೊಂದು ಕೋಟೆ ಇತ್ತು, ಇವನು ಅದನ್ನು ಗಟ್ಟಿ ಮಾಡಿದ ಅನ್ನುವವರೂ ಇದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು, ತೀರ್ಮಾನಕ್ಕೆ ಯಾವ ಸಾಕ್ಷ್ಯ ಸಿಗಬೇಕು ಅಂತ ಕೇಳಿ. ಇನ್ನು "ಯಾಕೆ ಬಂದರು" ಅನ್ನುವುದು ಗೊತ್ತಾಗಬೇಕಾದರೆ ಫೋಟೋ ಸಾಲದು, ಇಡೀ ಕರಾವಳಿಯ ನಕ್ಷೆ ಬೇಕು. ಅದೇ ದಶಕದಲ್ಲಿ ಅವನು ಹೊನ್ನಾವರ, ಬಸ್ರೂರು, ಮಂಗಳೂರಿನಿಂದ ಪೋರ್ಚುಗೀಸರನ್ನು ಎಬ್ಬಿಸಿದ. ಅಕ್ಕಿ, ಕಾಳುಮೆಣಸು ಹೋಗುತ್ತಿದ್ದ ಬಂದರುಗಳು ಅವು. ಸಾಲಾಗಿ ಗುರುತು ಹಾಕಿಸಿ, ತೆಂಕಲ ತುದಿಗೆ ಬೇಕಲ ಇಡಿ. ಮಕ್ಕಳೇ ಹೇಳ್ತಾರೆ.

ಮಂಜೇಶ್ವರದವ:
ಅಂಥ ಉತ್ತರ ತಿದ್ದುವವರು ಯಾರು? ಎಚ್‌ಫೈವ್‌ಪಿಯಲ್ಲಿ ಪ್ರಬಂಧದ ಪ್ರಶ್ನೆ ಉಂಟು, ಆದರೆ ಅದು ಕೀವರ್ಡ್ ಹುಡುಕಿ ಅಂಕ ಕೊಡುದು. ನಾವು "ಬಂದರು" ಅಂತ ಕೊಟ್ಟು ಮಗು "ಬಂದರಿನಲ್ಲಿ" ಅಂತ ಬರೆದರೆ ಸೊನ್ನೆ. ನಮ್ಮ ವಿಭಕ್ತಿ ಅದಕ್ಕೆಲ್ಲಿ ಗೊತ್ತು!

ಬದಿಯಡ್ಕ ಟೀಚರ್:
ತಿದ್ದುದು ನಾವೇ. ಸಂಬಳ ಮತ್ತೆ ಯಾತಕ್ಕೆ?

ಗಡಿನಾಡಿಗ:
ಟೀಚರೇ, ನಿಮ್ಮ ಸ್ಲೈಡರಿನಲ್ಲಿ ಗಡಿ ವಿವಾದದ ಮಹಾಜನ ಆಯೋಗದ ವರದಿ ಎಲ್ಲಿ? ಚಂದ್ರಗಿರಿ ಹೊಳೆಯ ಬಡಗಿನ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ 1967ರಲ್ಲಿ ಬಂದ ಶಿಫಾರಸು ಮಕ್ಕಳಿಗೆ ಬೇಡವಾ? 1956 ಆದ ಮೇಲೆ ಎಲ್ಲ ಮುಗಿಯಿತು ಅಂತಲಾ?

ಬದಿಯಡ್ಕ ಟೀಚರ್:
ಬೇಕು. ಬಿಟ್ಟದ್ದು ಬೇಕೆಂದೇ ಅಲ್ಲ. ಸ್ಲೈಡರ್ ಆದದ್ದನ್ನು ಮಾತ್ರ ತೋರಿಸ್ತದೆ, ಹೇಳಿ ಆಗದೆ ಉಳಿದದ್ದಕ್ಕೆ ಅದರಲ್ಲಿ ಜಾಗ ಇಲ್ಲ. ಹೊಳೆಯ ಉದ್ದಕ್ಕೂ ಚುಕ್ಕಿಗೆರೆ ಹಾಕಿ, ಮುಟ್ಟಿದರೆ ಶಿಫಾರಸಿನ ಮಾತು ಬರುವ ಹಾಗೆ ಮಾಡ್ತೇನೆ. ಆದರೆ ಯಾರು ಸರಿ ಅಂತ ಪೋಲ್ ಬಟನ್ ಮಾತ್ರ ಇಡುದಿಲ್ಲ. ಕ್ಲಾಸಿನಲ್ಲಿ ಮಲಯಾಳ ಮನೆಮಾತಿನ ಮಕ್ಕಳೂ ಇದ್ದಾರೆ.

ಗಡಿನಾಡಿಗ:
ಚುಕ್ಕಿಗೆರೆ ಆದೀತು. ತೆಳ್ಳಗೆ ಹಾಕಿ ಅಡಗಿಸಬೇಡಿ, ಅಷ್ಟೆ.

ಕುಂಬಳೆ ಮಾಷ್ಟ್ರು:
ಹನ್ನೆರಡು ಚುಕ್ಕೆಯಲ್ಲಿ ಒಂಬತ್ತು ತೆಗೆದೆ. ಬಂದರಿನ ನಕ್ಷೆ ಈ ಶನಿವಾರ. ಟೀಚರೇ, ಆ ಗೇಣಿಚೀಟನ್ನು ಹೊರಗೆ ಹಂಚುವ ಮೊದಲು ಹೆಸರು, ಸರ್ವೆ ನಂಬ್ರ ಮುಚ್ಚಿ.

ಬದಿಯಡ್ಕ ಟೀಚರ್:
ಮುಚ್ಚಿ ಆಯಿತು. ಅಜ್ಜನ ಹೆಸರೇ ಕಾಣುದಿಲ್ಲ ಅಂತ ಹುಡುಗ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ.