ಅಮ್ಮನ ಮೊಣಗಂಟಿಗೆ ಕೀವಾಗಿತ್ತು, ನನಗೂ ಆಗುತ್ತಾ?

ಪ್ರಶ್ನೆ (ಉಡುಪಿ, 61 ವರ್ಷ): ಡಾಕ್ಟ್ರೇ, ನಮ್ಮಮ್ಮನಿಗೆ ಮೊಣಗಂಟು ಬದಲಿಸಿದ ಮೂರೇ ತಿಂಗಳಲ್ಲಿ ಕೀವಾಯಿತು. ಎರಡು ಸಲ ಮತ್ತೆ ತೆರೆದರು. ಈಗ ನನಗೂ ಆಪರೇಷನ್ ಹೇಳಿದ್ದಾರೆ. ಇದು ರಕ್ತದಲ್ಲೇ ಬರುತ್ತಾ? ಮಾಡಿಸದೇ ಇರಲಾ?

ಉತ್ತರ (ಮೂಳೆ ಡಾಕ್ಟರ್, ಮಂಗಳೂರು): ನಿಮ್ಮ ಹೆದರಿಕೆ ಸುಮ್ನೆ ಅಲ್ಲ. ಅಮೆರಿಕದ ಯೂಟಾದಲ್ಲಿ ವಂಶವೃಕ್ಷವನ್ನೂ ಆಸ್ಪತ್ರೆ ದಾಖಲೆಯನ್ನೂ ಜೋಡಿಸಿ ನೋಡಿದ್ದಾರೆ. ಆಪರೇಷನ್ ಗಾಯದ ಸೋಂಕು ಕೆಲವು ಕುಟುಂಬಗಳಲ್ಲಿ ಜಾಸ್ತಿ. ದೂರದ ನೆಂಟರಲ್ಲೂ ಹಾಗೇ ಕಂಡಿತು. ಅವರು ಒಂದೇ ಮನೆಯಲ್ಲಿ ಉಂಡವರಲ್ಲ, ಹಾಗಾಗಿ ಹುಟ್ಟಿನಿಂದ ಬಂದದ್ದೂ ಸ್ವಲ್ಪ ಇರಬೇಕು. ಬ್ಯಾಕ್ಟೀರಿಯಾವನ್ನು ಗುರುತು ಹಿಡಿಯುವ ಪ್ರೋಟೀನುಗಳು ಎಲ್ಲರಲ್ಲೂ ಒಂದೇ ಸಮ ಇರುವುದಿಲ್ಲ.

ಆದರೆ ಮೊದಲ ಸಲದ ಗಂಟು ಬದಲಾವಣೆಯಲ್ಲಿ ಸೋಂಕಾಗುವುದು ನೂರರಲ್ಲಿ ಒಬ್ಬಿಬ್ಬರಿಗೆ. ವಂಶದ ಪಾಲು ಸೇರಿದರೂ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ನಡೆಯಲು ಆಗದೆ ಕೂರಬೇಡಿ.

ಪ್ರಶ್ನೆ (ಇನ್ನೊಬ್ಬರು, ಸುರತ್ಕಲ್): ಜೀನ್ ಟೆಸ್ಟ್ ಮಾಡಿಸಿದರೆ ಗೊತ್ತಾಗಲ್ವಾ?

ಉತ್ತರ: ಇದಕ್ಕೆಂದು ನಂಬಬಹುದಾದ ಟೆಸ್ಟ್ ಇಲ್ಲ. ಆ ದುಡ್ಡು ಉಳಿಸಿ. ಉಡುಪಿಯವರೇ, ನೀವು ಅಮ್ಮನ ಹಳೇ ಫೈಲ್ ಹುಡುಕಿ, ಅದು ಹೆಚ್ಚು ಹೇಳುತ್ತದೆ.

ಪ್ರಶ್ನೆ (ಉಡುಪಿ): ಸಿಕ್ಕಿತು ಡಾಕ್ಟ್ರೇ. ಕಲ್ಚರ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಸ್ಟ್ಯಾಫಿಲೊಕಾಕಸ್ ಆರಿಯಸ್ ಅನ್ನೋ ಬ್ಯಾಕ್ಟೀರಿಯಾ. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್) 9.8. ನನ್ನದು 8.4.

ಉತ್ತರ: ನೋಡಿ, ಅಮ್ಮನಿಗೆ ಶುಗರ್ ಅಷ್ಟಿತ್ತು. ಅದೊಂದೇ ಸಾಕು ಸೋಂಕಿಗೆ ದಾರಿ ಮಾಡಲು. ನಿಮ್ಮದನ್ನು 7.5ರ ಒಳಗೆ ತನ್ನಿ, ನಾನಾದರೆ ಅಲ್ಲಿಯವರೆಗೆ ಕಾಯುತ್ತೇನೆ. ಆ ಬ್ಯಾಕ್ಟೀರಿಯಾ ಹತ್ತರಲ್ಲಿ ಸುಮಾರು ಮೂರು ಜನರ ಮೂಗಿನಲ್ಲಿ ತೆಪ್ಪಗಿರುತ್ತದೆ. ಗಂಟಿನ ಲೋಹಕ್ಕೆ ಅಂಟಿದರೆ ಪೊರೆ ಕಟ್ಟುತ್ತದೆ, ಆಮೇಲೆ ಆ್ಯಂಟಿಬಯಾಟಿಕ್ ಒಳಗೆ ಹೋಗುವುದು ಕಷ್ಟ. ಅಮ್ಮನಿಗೆ ಮತ್ತೆ ಮತ್ತೆ ತೆರೆಯಬೇಕಾದದ್ದು ಹೀಗೆಯೇ ಇರಬೇಕು. ಮೂಗಿನ ಸ್ವಾಬ್ ಮಾಡಿಸಿ. ಇದ್ದರೆ ಮುಪಿರೋಸಿನ್ ಮುಲಾಮು ಐದು ದಿನ, ಜೊತೆಗೆ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕ ಹಾಕಿ ಸ್ನಾನ.

ಆಟಿಯ ಮಳೆಗೆ ಕಾಲ್ಬೆರಳ ಸಂದಿ ಕೊಳೆತಿದೆಯಾ? ಹಲ್ಲು ಹುಳುಕಾಗಿದೆಯಾ? ಅದು ಮೊದಲು ವಾಸಿಯಾಗಲಿ. ಅಮ್ಮನ ಫೈಲನ್ನು ನಿಮ್ಮ ಸರ್ಜನ್‌ಗೆ ತೋರಿಸಿ. ಆಪರೇಷನ್ ಆದ ಮೇಲೆ ಗಾಯ ಜಿನುಗಿದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಬೇಡಿ, ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಸಿಗದೇ ಹೋಗುತ್ತದೆ. ಅದೇ ದಿನ ಸರ್ಜನ್ ಹತ್ತಿರ ಹೋಗಿ.