ಪದಚರ್ಚೆ: ಜೀನ್ ‘ವೇರಿಯಂಟ್’ಗೆ ಯಾವ ಪದ ಹಾಕಲಿ? ಸೋಮವಾರ ಪ್ರಿಂಟಿಗೆ ಕೊಡಬೇಕು

ಎಲ್ಲರಿಗೂ ನಮಸ್ಕಾರ,

ಸ್ವಲ್ಪ ಅವಸರದಲ್ಲಿದ್ದೇನೆ. ಒಂದು ಆಸ್ಪತ್ರೆಗೆ ನಾಲ್ಕು ಪುಟದ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸ್ತನ ಕ್ಯಾನ್ಸರ್, ಅಂಡಾಶಯದ ಕ್ಯಾನ್ಸರ್ ಕೆಲವು ಕುಟುಂಬಗಳಲ್ಲಿ ಯಾಕೆ ಮತ್ತೆ ಮತ್ತೆ ಬರುತ್ತದೆ, ಜೀನ್ ಪರೀಕ್ಷೆ ಯಾರು ಮಾಡಿಸಿಕೊಳ್ಳಬೇಕು ಅನ್ನೋದು ವಿಷಯ. ಓದುವವರು ಡಾಕ್ಟರಲ್ಲ, ಟೋಕನ್ ಹಿಡಿದು ಬೆಂಚಿನ ಮೇಲೆ ಕೂತವರು.

ನಾನು ಸಿಕ್ಕಿಹಾಕಿಕೊಂಡಿರುವುದು ‘ವೇರಿಯಂಟ್’ನಲ್ಲಿ. ಬಿಆರ್‌ಸಿಎ1, ಬಿಆರ್‌ಸಿಎ2 ಅನ್ನುವ ಎರಡು ಜೀನ್ (ವಂಶವಾಹಿ) ನಮ್ಮೆಲ್ಲರಲ್ಲೂ ಇವೆ. ತುಂಡಾದ ಡಿಎನ್‌ಎ ಎಳೆಯನ್ನು ಮತ್ತೆ ಕೂಡಿಸೋದು ಅವುಗಳ ಕೆಲಸ. ಒಂದೊಂದಕ್ಕೂ ಎರಡು ಪ್ರತಿ, ಒಂದು ಅಮ್ಮನಿಂದ, ಒಂದು ಅಪ್ಪನಿಂದ. ಕೆಲವರಿಗೆ ಬಂದ ಒಂದು ಪ್ರತಿಯಲ್ಲಿ ಹುಟ್ಟುವಾಗಲೇ ಡಿಎನ್‌ಎ ಬರಹದ ಎರಡೇ ಎರಡು ಅಕ್ಷರ ಬಿಟ್ಟುಹೋಗಿರುತ್ತವೆ, ಅಲ್ಲಿಂದ ಮುಂದಿನ ಸಾಲು ಪೂರ್ತಿ ತಪ್ಪುತ್ತದೆ. ಜೀನಿನ ಬರಹದಲ್ಲಿ ಇಂಥ ಹೆಚ್ಚುಕಮ್ಮಿಗೇ ವೇರಿಯಂಟ್ ಅನ್ನೋದು. ಇನ್ನೊಂದು ಪ್ರತಿ ಕೆಲಸ ನಡೆಸಿಕೊಂಡು ಹೋಗುತ್ತಿರುತ್ತದೆ. ಮುಂದೆ ಯಾವಾಗಲೋ ಯಾವುದೋ ಒಂದು ಜೀವಕೋಶದಲ್ಲಿ ಅದೂ ಕೈಕೊಟ್ಟರೆ ತೊಂದರೆ ಶುರು. ಅಂದರೆ ತಂದೆತಾಯಿಯಿಂದ ಬರೋದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗುವ ಸಂಭವ ಜಾಸ್ತಿ ಇರೋದು. 2017ರಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ ಬಿಆರ್‌ಸಿಎ1ರಲ್ಲಿ ಹೀಗಿರುವ 100 ಹೆಂಗಸರಲ್ಲಿ ಸುಮಾರು 72 ಜನಕ್ಕೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಆಗುತ್ತದೆ. ಉಳಿದ 28 ಜನಕ್ಕೆ ಆಗಲ್ಲ. ಆ 28 ಜನರನ್ನೂ ಹೆದರಿಸದ ಪದ ಬೇಕು.

ನನ್ನ ಹತ್ತಿರ ಇರುವವು: ‘ಉತ್ಪರಿವರ್ತನೆ’ ಪಠ್ಯಪುಸ್ತಕದ್ದು, ಅದು ಮ್ಯುಟೇಶನ್‌ಗೆ. ಡಾಕ್ಟರುಗಳೇ ಈಗ ಮ್ಯುಟೇಶನ್ ಬಿಟ್ಟು ವೇರಿಯಂಟ್ ಅನ್ನುತ್ತಾರೆ, ಯಾಕಂದರೆ ಎಲ್ಲಾ ಬದಲಾವಣೆಯೂ ಕೇಡಲ್ಲ. ‘ರೂಪಾಂತರಿ’ ಅಂದ ಕೂಡಲೇ ಕೊರೊನಾ ನೆನಪಾಗುತ್ತದೆ, ಅಂಟುರೋಗ ಅಂದುಕೊಳ್ಳುತ್ತಾರೆ. ‘ದೋಷ’ ಖಂಡಿತ ಬೇಡ. ಕುಜದೋಷ ಇದೆ ಅಂತ ಸಂಬಂಧ ಮುರಿಯುವ ಊರಿನಲ್ಲಿ ಒಬ್ಬ ಹುಡುಗಿಯ ಫೈಲಿನ ಮೇಲೆ ‘ವಂಶವಾಹಿ ದೋಷ’ ಅಂತ ಬರೆದರೆ ಅವಳ ಗತಿ ಏನು?

ದಯವಿಟ್ಟು ಬೇಗ ಹೇಳಿ.

*

ಉತ್ತರ:

ಇಶ್ಟಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ. ಜೀನ್‌ಗೆ ಪೀಳಿ, ವೇರಿಯಂಟ್‌ಗೆ ಮಾರ್ಪು, ಕ್ಯಾನ್ಸರಿಗೆ ಏಡಿಹುಣ್ಣು. ಪೀಳಿಗೆ ಅಂತ ದಿನಾ ಅನ್ನುವವರಿಗೆ ಪೀಳಿ ತಿಳಿಯದೇ? ತಂದೆತಾಯಿಯಿಂದ ಬಂದದ್ದಕ್ಕೆ ‘ಬಳುವಳಿ’ ಇದೆ. ಅದಕ್ಕಿಂತ ಚೆಂದದ ಪದ ಯಾವ ನುಡಿಯಲ್ಲೂ ಇಲ್ಲ. ಕರಾವಳಿಯಲ್ಲಿ ಕುಲಕ್ಕೆ ‘ಬಳಿ’ ಅನ್ನುತ್ತಾರೆ, ತಾಯಿಯಿಂದ ಮಕ್ಕಳಿಗೆ ಬರುವ ಬಳಿ. ನನ್ನ ಮಟ್ಟಿಗೆ ಬಳುವಳಿಗೂ ಅದಕ್ಕೂ ನಂಟಿದೆ. ಇಂತಾ ಬೇರು ಮನೆಯಲ್ಲೇ ಇಟ್ಟುಕೊಂಡು ಸಂಸ್ಕ್ರುತದಿಂದ ಕಡ ತರುವುದು ಯಾಕೆ ಅಂತ ಅರ್ತವಾಗುವುದಿಲ್ಲ.

*

ಉತ್ತರ:

ಏಡಿಹುಣ್ಣು ತಪ್ಪು. ರಕ್ತದ ಕ್ಯಾನ್ಸರಿನಲ್ಲಿ ಹುಣ್ಣೆಲ್ಲಿದೆ? ಗ್ರೀಕರು ಗಡ್ಡೆಗೆ ಏಡಿಯ ಹೆಸರಿಟ್ಟರು ಅಂತ ನಾವೂ ಏಡಿ ಹಿಡಿಯಬೇಕೇ? ಅದು ಅನುವಾದವೇ ಹೊರತು ಅಚ್ಚಗನ್ನಡವಲ್ಲ. ಆಯುರ್ವೇದದ ಸುಶ್ರುತನಲ್ಲೇ ಗಡ್ಡೆಗೆ ‘ಅರ್ಬುದ’ ಇದೆ, ಹಾಕಿ.

ಇನ್ನೊಂದು. ಇಲ್ಲಿ ಯಾರೂ ಹೇಳದಿದ್ದರೂ ನಾನು ಹೇಳಲೇಬೇಕು. ‘ಅನುವಂಶಿಕ’ ಅಲ್ಲ, ‘ಆನುವಂಶಿಕ’. ಇಕ ಪ್ರತ್ಯಯ ಬಂದರೆ ಮೊದಲ ಸ್ವರಕ್ಕೆ ವೃದ್ಧಿ. ಸಮಾಜ, ಸಾಮಾಜಿಕ. ಪಠ್ಯಪುಸ್ತಕದವರೇ ತಪ್ಪು ಬರೆದರೆ ಮಕ್ಕಳು ಎಲ್ಲಿಂದ ಕಲಿಯಬೇಕು?

*

ಉತ್ತರ:

ಅರ್ಬುದ ಅಂದರೆ ಹತ್ತು ಕೋಟಿ. ಅಬು ಬೆಟ್ಟವೂ ಅರ್ಬುದವೇ. ಬೆಂಚಿನ ಮೇಲೆ ಕೂತವರಿಗೆ ಇದರಲ್ಲಿ ಯಾವುದೂ ಬೇಕಿಲ್ಲ. ‘ಕ್ಯಾನ್ಸರ್’ ಅಂದರೆ ಹಳ್ಳಿಯ ಅಜ್ಜಿಗೂ ಗೊತ್ತು. ಬಸ್ಸು, ಡಾಕ್ಟರು, ಟಿಕೆಟ್ಟು ಕನ್ನಡವಾಗಿ ಎಷ್ಟು ಕಾಲವಾಯಿತು? ಜೀನ್ ಕೂಡ ಆಗುತ್ತದೆ. ಅದರ ಬೇರೂ ನಮ್ಮ ಜನ, ಜನ್ಮ ಪದಗಳ ಬೇರೂ ಮೂಲದಲ್ಲಿ ಒಂದೇ, ಗೊತ್ತಿರಲಿ. ಸುಮ್ನೆ ಹೊಸ ಪದ ಹುಟ್ಟಿಸಿ ಅದಕ್ಕೊಂದು ಅಡಿಟಿಪ್ಪಣಿ ಬರೆಯುವ ಕೆಲಸ ಬೇಡ.

*

ಉತ್ತರ (ಪ್ರಶ್ನೆ ಕೇಳಿದವಳು):

ಎಲ್ಲರಿಗೂ ಥ್ಯಾಂಕ್ಸ್. ಕ್ಯಾನ್ಸರ್, ಜೀನ್ ಎರಡನ್ನೂ ಹಾಗೇ ಬಿಡುತ್ತೇನೆ, ಅದರ ಬಗ್ಗೆ ಜಗಳ ಬೇಡ.

‘ಬಳುವಳಿ’ ಹೇಳಿದವರಿಗೆ: ಸರ್, ನನಗೂ ಆ ಪದದ ಮೇಲೆ ಆಸೆ. ನಿನ್ನೆ ರಾತ್ರಿ ಹಾಕಿ, ಬೆಳಗ್ಗೆ ತೆಗೆದೆ. ಬಳುವಳಿ ಅಂದರೆ ಮಗಳ ಜೊತೆ ತವರಿನಿಂದ ಹೋಗುವ ಉಡುಗೊರೆ. ನೀವು ಹೇಳಿದ ಬಳಿಯೂ ತಾಯಿಯ ಕಡೆಯದೇ. ಇಲ್ಲಿ ಅದೇ ಕಷ್ಟ. ಜೀನಿನ ಆ ತಪ್ಪಿದ ಪ್ರತಿ ಅಪ್ಪನಿಂದಲೂ ಅಷ್ಟೇ ಬರುತ್ತದೆ. ಅಪ್ಪನಿಗಿರಲಿ ಅಮ್ಮನಿಗಿರಲಿ, ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ, ಗಂಡಾದರೂ ಹೆಣ್ಣಾದರೂ. ಆದರೆ ಗಂಡಸರಿಗೆ ಸ್ತನ ಕ್ಯಾನ್ಸರ್ ಅಪರೂಪ, ಅದಕ್ಕೆ ಅಪ್ಪನ ಕಡೆಯಿಂದ ಬಂದದ್ದು ಯಾರ ಕಣ್ಣಿಗೂ ಬೀಳಲ್ಲ. ‘ಬಳುವಳಿ’ ಅಂತ ಬರೆದರೆ ಓದಿದವರು ತಾಯಿಯ ಕಡೆ ಮಾತ್ರ ನೋಡುತ್ತಾರೆ. ಸೊಸೆಯನ್ನು ‘ನೀನೇ ತಂದದ್ದು’ ಅನ್ನೋದಕ್ಕೂ ಒಂದು ಪದ ಸಿಕ್ಕ ಹಾಗಾಗುತ್ತದೆ.

ಪದದಿಂದ ಎಷ್ಟು ಹೆಚ್ಚುಕಮ್ಮಿ ಆಗುತ್ತದೆ ಅನ್ನೋದನ್ನು ಕಣ್ಣಾರೆ ನೋಡಿದ್ದೇನೆ. ಕೌನ್ಸೆಲಿಂಗ್ ಕೋಣೆಯಲ್ಲಿ ಒಂದು ದಿನ ಕೂತಿದ್ದೆ. ಅಲ್ಲಿ ಕಾಗದದ ಮೇಲೆ ಕುಟುಂಬದ ಚಿತ್ರ ಬರೆಯುತ್ತಾರೆ, ಹೆಂಗಸರಿಗೆ ಸೊನ್ನೆ, ಗಂಡಸರಿಗೆ ಚೌಕ, ಕ್ಯಾನ್ಸರ್ ಆದವರದ್ದನ್ನು ಪೆನ್ನಿನಿಂದ ತುಂಬುತ್ತಾರೆ. ನಲವತ್ತರ ಆಸುಪಾಸಿನ ಒಬ್ಬರನ್ನು ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿತ್ತಾ?’ ಅಂತ ಕೇಳಿದರು. ಇಲ್ಲ ಅಂದರು. ಅತ್ತೆ ಮಾವ ಗಟ್ಟಿಯಾಗಿದ್ದಾರೆ ಅಂದರು. ಮದುವೆಯಾದವರಿಗೆ ‘ನಮ್ಮ ಮನೆ’ ಅಂದರೆ ಗಂಡನ ಮನೆ ಅಲ್ವಾ! ಕೌನ್ಸೆಲರ್‌ಗೆ ಆಮೇಲೆ ಹೊಳೆದು ‘ನೀವು ಹುಟ್ಟಿದ ಮನೆಯಲ್ಲಿ?’ ಅಂದರು. ಆಗ ಒಂದೊಂದೇ ಬಂತು. ಅಪ್ಪನ ಅಕ್ಕನಿಗೆ ‘ಹೊಟ್ಟೆಯಲ್ಲಿ ಗಡ್ಡೆ’, ದೊಡ್ಡಪ್ಪನ ಮಗಳಿಗೆ ‘ಎದೆಯಲ್ಲಿ ಗಂಟು’. ಅಪ್ಪನ ಕಡೆ ಎರಡು ಸೊನ್ನೆ ಕಪ್ಪಾದವು. ನಡುವೆ ಅಪ್ಪನ ಚೌಕ ಖಾಲಿ.

ಅದಕ್ಕೇ ‘ಮನೆತನದ ಕಾಯಿಲೆ’ ಅನ್ನೋದನ್ನೂ ಹೊಡೆದುಹಾಕಿದ್ದೇನೆ. ‘ವಾಹಕ’ ಕೂಡ ಇಲ್ಲ, ಸೊಳ್ಳೆಗೆ ಬಳಸುವ ಪದವನ್ನು ಮನುಷ್ಯರಿಗೆ ಹಾಕಲಾರೆ.

‘ಆನುವಂಶಿಕ’ ಹೇಳಿದವರಿಗೆ: ವ್ಯಾಕರಣ ನಿಮ್ಮದೇ ಸರಿ. ಆದರೆ ಆ ಪದವನ್ನೇ ಬಳಸುತ್ತಿಲ್ಲ. ‘ಹುಟ್ಟಿನಿಂದ ಬಂದ’ ಅಂತ ಬರೆದಿದ್ದೇನೆ.

ವೇರಿಯಂಟ್‌ಗೆ ಕೊನೆಗೆ ‘ವ್ಯತ್ಯಾಸ’ ಹಾಕಿದೆ. ಸಂಸ್ಕೃತದ್ದು ಅಂತ ಬೈಯುವವರು ಬೈಯಿರಿ. ‘ಏನಾದರೂ ವ್ಯತ್ಯಾಸ ಆದರೆ ಫೋನ್ ಮಾಡಿ’ ಅಂತ ನರ್ಸ್ ಹೇಳಿದಾಗ ಅರ್ಥವಾಗದವರು ಯಾರೂ ಇಲ್ಲ. ಕೆಟ್ಟದ್ದರ ಕಡೆಗೆ ಸ್ವಲ್ಪ ವಾಲುತ್ತದೆ, ಆದರೆ ಕೆಟ್ಟದ್ದೇ ಅನ್ನಲ್ಲ. ‘ಮಾರ್ಪು’ ಅಂದರೆ ಮೊದಲು ಸರಿಯಿತ್ತು, ಆಮೇಲೆ ಬದಲಾಯಿತು ಅನ್ನಿಸುತ್ತದೆ, ಇದು ಹುಟ್ಟುವಾಗಲೇ ಇರೋದು. ಲ್ಯಾಬಿನವರು ವೇರಿಯಂಟ್‌ಗಳನ್ನು ಐದು ದರ್ಜೆ ಮಾಡುತ್ತಾರೆ, ಓದುವವರಿಗೆ ಮೂರು ಸಾಕು: ‘ತೊಂದರೆ ಕೊಡುವ ವ್ಯತ್ಯಾಸ’, ‘ತೊಂದರೆ ಕೊಡದ ವ್ಯತ್ಯಾಸ’, ‘ಏನು ಮಾಡುತ್ತದೋ ಇನ್ನೂ ತಿಳಿಯದ ವ್ಯತ್ಯಾಸ’. ಮೂರನೆಯದು ರಿಪೋರ್ಟಿನಲ್ಲಿ ಬಂದಾಗಲೇ ಜನ ಹೆಚ್ಚು ಗಾಬರಿಯಾಗೋದು. ಅದನ್ನೇ ನೆಚ್ಚಿಕೊಂಡು ಆಪರೇಷನ್ ಮಾಡಿಸಿಕೊಳ್ಳಬಾರದು ಅಂತ ಅದರ ಕೆಳಗೇ ದಪ್ಪಕ್ಷರದಲ್ಲಿ ಹಾಕಿದ್ದೇನೆ.

ಇನ್ನೊಂದೇ ಉಳಿದಿದೆ. ಫಾರಂನಲ್ಲಿ ‘ಅಕ್ಕ’ ಅಂತ ಬರೆದರೆ ಜನ ದೊಡ್ಡಪ್ಪನ ಮಗಳು, ಚಿಕ್ಕಮ್ಮನ ಮಗಳು ಎಲ್ಲರನ್ನೂ ಸೇರಿಸುತ್ತಾರೆ, ಚಿತ್ರ ಪೂರ್ತಿ ತಪ್ಪಾಗುತ್ತದೆ. ‘ಒಡಹುಟ್ಟಿದ ಅಕ್ಕ’ ಅಂತ ಹಾಕಿದ್ದೇನೆ. ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು ಹೇಳಿ: ನಿಮ್ಮ ಕಡೆ ಇದು ನೇರವಾಗಿ ಅರ್ಥವಾಗುತ್ತದಾ, ಅಥವಾ ‘ಸ್ವಂತ ಅಕ್ಕ’ ಅನ್ನಬೇಕಾ? ಭಾನುವಾರ ರಾತ್ರಿಯೊಳಗೆ ತಿಳಿಸಿ.