ಕುತ್ತಿಗೆ ನೋವು ಎರಡು ವರ್ಷದಿಂದ: ವ್ಯಾಯಾಮದಿಂದ ಗುಣವಾದವರು ಇದ್ದೀರಾ?

ಪ್ರಶ್ನೆ:
ನಾನು ದಾವಣಗೆರೆಯಲ್ಲಿ ಟೈಲರ್. ದಿನಕ್ಕೆ ಎಂಟು ಗಂಟೆ ತಲೆ ಬಗ್ಗಿಸಿ ಹೊಲಿಗೆ. ಕುತ್ತಿಗೆಯ ಎಡಭಾಗ ಭುಜದ ತನಕ ಹಿಡಿದುಕೊಳ್ಳುತ್ತದೆ. ಬ್ಲೌಸಿಗೆ ಹುಕ್ ಹಾಕುವಾಗ ಜಾಸ್ತಿ. ಫಿಸಿಯೋಥೆರಪಿಯಲ್ಲಿ ಹತ್ತು ದಿನ ಶಾಖ, ಕರೆಂಟ್ ಕೊಟ್ಟರು. ನಿಲ್ಲಿಸಿದ ವಾರಕ್ಕೇ ನೋವು ವಾಪಸ್ ಬಂತು. ಮುಂದೇನು ಮಾಡಲಿ?

ಉತ್ತರ 1:
ಅಕ್ಕಾ, ಶಾಖದಿಂದ ಆ ಹೊತ್ತಿಗೆ ಹಾಯೆನಿಸುತ್ತದೆ, ಸ್ನಾಯುವಿಗೆ ಬಲ ಬರುವುದಿಲ್ಲ. ನಾನೂ ಇದನ್ನೇ ಹುಡುಕಿ ಓದಿದ್ದೇನೆ. ಫಿನ್ಲೆಂಡಿನಲ್ಲಿ ಕುತ್ತಿಗೆ ನೋವಿದ್ದ 180 ಆಫೀಸ್ ಮಹಿಳೆಯರನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಕುತ್ತಿಗೆಗೆ ಬಲ ಕೊಡುವ ವ್ಯಾಯಾಮ ಮಾಡಿದವರಿಗೆ ಉಳಿದವರಿಗಿಂತ ಚೆನ್ನಾಗಿ ನೋವು ಇಳಿಯಿತು. ನಾನು ಗದ್ದ ಒಳಕ್ಕೆ ಎಳೆದು ಐದು ಎಣಿಸುತ್ತೇನೆ, ರಬ್ಬರ್ ಬ್ಯಾಂಡ್ ಎಳೆಯುತ್ತೇನೆ. ಮೊದಲ ವಾರ ನೋವು ಸ್ವಲ್ಪ ಏರಿತ್ತು, ಹೆದರಿದ್ದೆ. ಎರಡು ತಿಂಗಳಿಗೆ ವ್ಯತ್ಯಾಸ ಗೊತ್ತಾಯಿತು.

ಉತ್ತರ 2:
ಕೈ ಜೋಮು ಹಿಡಿಯುತ್ತಾ? ಹಿಡಿದ ವಸ್ತು ಜಾರುತ್ತಾ, ನಡಿಗೆ ತಪ್ಪುತ್ತಾ? ಹಾಗಿದ್ದರೆ ಸುಮ್ನೆ ವ್ಯಾಯಾಮ ಶುರು ಮಾಡಬೇಡಿ, ಮೊದಲು ಡಾಕ್ಟರಿಗೆ ತೋರಿಸಿ.

ಪ್ರಶ್ನೆ ಕೇಳಿದವರು:
ಜೋಮು ಇಲ್ಲ ಸರ್. ಇವತ್ತೇ ಮಷಿನ್ ಕೆಳಗೆ ಮರದ ತುಂಡು ಇಟ್ಟು ಎತ್ತರ ಮಾಡಿದೆ. ಗದ್ದದ ವ್ಯಾಯಾಮ ಕೂತು ಮಾಡಬಹುದಾ?

ಉತ್ತರ 1:
ಮೊದಲು ಮಲಗಿ ಕಲಿಯಿರಿ ಅಕ್ಕಾ, ಸುಲಭ. ಆಮೇಲೆ ಅಂಗಡಿಯಲ್ಲಿ ಕೂತೇ ಮಾಡಬಹುದು.